ಗಡಿಯಾಚೆಗಿನ ಸಪ್ಪನ ಬ್ಯಾಳಿ

ನಮ್ಮ ಓಣಿಯ ಗೆಳೆಯರೊಬ್ಬರ ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿಗೆ ಹೋಗಿ ಬಂದಾಗಿನಿಂದ ಇವರು ಕಟ್ಟೆಯ ಮೇಲೆ ಕೂತವರಿಗೆಲ್ಲ ಮೊಬೈಲಿನಲ್ಲಿ ಒಂದೇ ಫೋಟೊ ತೋರಿಸುತ್ತಾರೆ. ಮೊಮ್ಮಗ ಹಾಟೆಲಿನ ಎತ್ತರದ ಕುರ್ಚಿಯಲ್ಲಿ ಪಟ್ಟಿ ಬಿಗಿಸಿಕೊಂಡು ಜಹಾಗೀರದಾರನ ಹಾಗೆ ಕೂತಿದ್ದಾನೆ. ಮುಂದೆ ಬಣ್ಣದ ಕಡ್ಡಿ, ಚಿತ್ರದ ಹಾಳೆ. “ಕೂಸು ತಾನ ಆಡ್ಕೋಂತ ಕೂತಿತ್ತು, ನಾವು ಸಮಾಧಾನಲೆ ಉಂಡ್ವಿ. ಫಾರಿನ್ ಅಂದ್ರ ಹಿಂಗ ನೋಡ್ರಿ” ಎನ್ನುತ್ತಾರೆ.

ನಾನು ಸುಮ್ಮನಿರಲಿಲ್ಲ. “ನಾವೂ ಮೊಮ್ಮಗಳ್ನ ಕರ್ಕೊಂಡು ಗಡಿ ದಾಟಿ ಉಂಡು ಬಂದೇವ್ರಿ” ಅಂದೆ.

“ಎಲ್ಲಿಗಿ ಹೋಗಿದ್ರಿ?”

“ಮಿರಜಿಗೆ.”

ಕಟ್ಟೆಗೆ ಕಟ್ಟೆಯೇ ನಕ್ಕಿತು.

ನಗುವುದೇನಿದೆ? ನಮ್ಮಜ್ಜನ ಕಾಲಕ್ಕೆ ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರದ ಮಹಾರಾಜರದು. ಮಿರಜ ಪಟವರ್ಧನರ ಸಂಸ್ಥಾನ. ಚಿಕ್ಕೋಡಿಯಿಂದ ರಾಯಬಾಗಕ್ಕೆ ಮದುವೆಯೂಟಕ್ಕೆ ಹೊರಟ ಕೂಸು ಬ್ರಿಟಿಷರ ರಾಜ್ಯದಲ್ಲಿ ಹಾಲು ಕುಡಿದು ಮಹಾರಾಜರ ರಾಜ್ಯದಲ್ಲಿ ಹೋಳಿಗೆ ಚೀಪುತ್ತಿತ್ತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳ ಹೊಸ ಗೆರೆ ಬಿದ್ದಾಗ ರಾಯಬಾಗ ಈಚೆಗಾಯಿತು, ಮಿರಜ ಆಚೆ ಉಳಿಯಿತು.

ಗೆರೆ ಬಿದ್ದರೂ ಬೇನೆಯವರು ದಾರಿ ಬದಲಿಸಲಿಲ್ಲ. ಡಾಕ್ಟರ್ ವಾನ್ಲೆಸ್ ಅವರು 1890ರ ದಶಕದಲ್ಲಿ ಮಿರಜದಲ್ಲಿ ಮಿಶನ್ ದವಾಖಾನೆ ತೆರೆದರು. ಇಂದಿಗೂ ಕಾಗವಾಡ, ಅಥಣಿ ಕಡೆ “ಮಿರಜಿಗೆ ಹೋಗ್ಯಾರ” ಅಂದರೆ ಕೇಳಿದವರು ಮೊದಲು ಅನ್ನುವುದು “ಯಾರಿಗೆ ಏನಾಗೇತಿ?” ನಾವು ಹೋದದ್ದೂ ಕಣ್ಣಿನ ಆಪರೇಶನ್ ಆಗಿದ್ದ ನಾದಿನಿಯನ್ನು ನೋಡಲಿಕ್ಕೆ. ಕಾಗವಾಡ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಗಡಿಗಳ ಫಲಕ ಮರಾಠಿಗೆ ತಿರುಗಿದವು. ನಮ್ಮ ಎರಡು ವರ್ಷದ ಮೊಮ್ಮಗಳು ಅಕ್ಕವ್ವ ಮಾತ್ರ ಎರಡೂ ಕಡೆಯ ಎಮ್ಮೆಗಳನ್ನು ಒಂದೇ ಹೆಸರಿನಿಂದ ಕರೆಯುತ್ತ ಬಂದಳು.

ದವಾಖಾನೆ ಮುಗಿಸಿ ಹಾಟೆಲಿಗೆ ಹೊಕ್ಕಾಗ ಮಧ್ಯಾಹ್ನ ಒಂದು ಗಂಟೆ. ಆಚೆ ಹೋದಾಗ ಮಿಸಳ ತಿನ್ನದೆ ಬಂದರೆ ನನಗೆ ಹೋದ ಹಾಗೆ ಅನಿಸುವುದಿಲ್ಲ. ಮಡಕಿಕಾಳಿನ ಉಸುಳಿ, ಮೇಲೆ ಫರಸಾಣ, ಅದರ ಮೇಲೆ ಬೆಂಕಿಬಣ್ಣದ ಕಟ್. ರಂಜಕ ತಿಂದು ಬೆಳೆದ ನಮ್ಮ ನಾಲಿಗೆಗೂ ಅದು ಒಂದು ಮಾತು ಹೇಳಿಯೇ ಹೋಗುತ್ತದೆ. ತಾಟು ಬಂತು. ನಾನು ಪಾವು ಮುರಿಯುವಷ್ಟರಲ್ಲಿ ಅಕ್ಕವ್ವ ಕಟ್‌ನಲ್ಲಿ ಬೆರಳದ್ದಿ ಬಾಯಿಗಿಟ್ಟಳು.

ಒಂದು ಗಳಿಗೆ ಸದ್ದಿಲ್ಲ. ಬಾಯಿ ತೆರೆದೇ ಇತ್ತು, ಕಣ್ಣು ದೊಡ್ಡವಾದವು. ಆಮೇಲೆ ಬಂದ ಕೂಗಿಗೆ ಅಡುಗೆಮನೆಯವರೂ ಹೊರಗೆ ಬಂದರು. ಒಂದು ಟೇಬಲಿನವರು “ಸಾಖರ” ಅಂದರು, ಇನ್ನೊಂದರವರು “ತೂಪ”. ನನ್ನ ಹೆಂಡತಿ “ಸಕ್ಕರಿ, ತುಪ್ಪ” ಅನ್ನುತ್ತಿದ್ದಳು. ಅನುವಾದಕ್ಕೆ ಯಾರೂ ಬೇಕಾಗಲಿಲ್ಲ.

ಅಕ್ಕವ್ವ ಅಳುತ್ತಲೇ “ಆಯೀ, ಆಯೀ” ಎಂದು ಅಜ್ಜಿಯ ಕೊರಳಿಗೆ ಬಿದ್ದಳು. ನಮ್ಮಲ್ಲಿ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ಹಡೆದವ್ವ. ಪಕ್ಕದ ಟೇಬಲಿನ ಹೆಣ್ಣುಮಗಳು ನನ್ನ ಹೆಂಡತಿಯ ನರೆಗೂದಲನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೂಸನ್ನು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನಾಗಿಯೇ “ನಾತ, ನಾತ” ಎಂದೆ, ಮೊಮ್ಮಗಳು ಎಂದು. ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಹೆಂಡತಿ ತನಗೆ ಬರುವ ಮರಾಠಿಯನ್ನೆಲ್ಲ ಕೂಡಿಸಿ ವೇಟರನಿಗೆ ಹೇಳಿದಳು: “ಲೇಕರಾಲಾ ಕಾಯತರೀ... ತಿಖಟ ನಕೋ...”

ಹುಡುಗ ಕೈ ಒರೆಸಿಕೊಳ್ಳುತ್ತ ಅಂದ: “ಅವ್ವಾರ, ಸಪ್ಪನ ಬ್ಯಾಳಿ ಐತ್ರಿ. ಅನ್ನಕ್ಕ ಕಲಸಿ, ಮ್ಯಾಲ ತುಪ್ಪ ಹಾಕಿ ಕೊಡ್ಲ್ಯಾ?”

ಅವನ ಊರು ಶೇಡಬಾಳ. ನಾವು ದಾಟಿ ಬಂದ ಗಡಿಯನ್ನು ಅವನು ದಿನಾ ಮುಂಜಾನೆ ದಾಟುತ್ತಾನೆ.

ಫಲಕದ ಮೇಲೆ ಅದರ ಹೆಸರು ವರಣ-ಭಾತ. ಹೆಸರು ಬೇರೆ, ತೊಗರಿಬೇಳೆ ಅದೇ. ಖಾರಕ್ಕೆ ಹೆಸರಾದ ಕೊಲ್ಹಾಪುರದ ಮಾಂಸದ ಅಡುಗೆಯಲ್ಲೂ ಮಸಾಲೆ ಬೀಳುವ ಮೊದಲೇ ಮಕ್ಕಳಿಗೆಂದು ಬೇಯಿಸಿದ ರಸ ತೆಗೆದಿಡುತ್ತಾರೆ. ಅದಕ್ಕೆ ಅಳಣಿ ಅನ್ನುತ್ತಾರೆ. ದೊಡ್ಡವರ ಖಾರ ಎಷ್ಟೇ ಏರಲಿ, ಒಲೆಯ ಮೂಲೆಯಲ್ಲಿ ಕೂಸಿಗೆ ಒಂದು ಪಾತ್ರೆ ಇರಬೇಕೆಂಬ ತಿಳಿವಳಿಕೆ ಗೆರೆಯ ಎರಡೂ ಬದಿಯಲ್ಲಿದೆ.

ಎತ್ತರದ ಕುರ್ಚಿ ಅಲ್ಲಿರಲಿಲ್ಲ. ಮಾಲೀಕರೇ ಕೂಸನ್ನು ಎತ್ತಿ ಗಲ್ಲಾದ ಮೇಲೆ ತಮ್ಮ ಪಕ್ಕಕ್ಕೆ ಕೂಡಿಸಿಕೊಂಡರು. ಹೆಂಡತಿ ನಿಂತುಕೊಂಡೇ ಒಂದು ತುತ್ತು ಗುಬ್ಬಿಗೆ, ಒಂದು ತುತ್ತು ಕಾಗೆಗೆ ಎಂದು ಉಣಿಸಿದಳು. ನಾಲ್ಕನೆಯ ತುತ್ತಿಗೆ ಅಕ್ಕವ್ವನ ಕೈಗೆ ಬಡೇಸೋಪಿನ ಬಟ್ಟಲು ಸಿಕ್ಕಿತು. ಗಲ್ಲಾದ ಮೇಲೆ, ಬಿಲ್ಲಿನ ಪುಸ್ತಕದ ಮೇಲೆ, ಮಾಲೀಕರ ತೊಡೆಯ ಮೇಲೆ ಬಡೇಸೋಪಿನ ಬಿತ್ತನೆಯಾಯಿತು. “ರಾಹೂದ್ಯಾ” ಅಂದರು ಅವರು. ಇರಲಿ ಬಿಡಿ ಎಂದು.

ಇಷ್ಟರೊಳಗೆ ನನ್ನ ಮಿಸಳ ಆರಿ, ಫರಸಾಣ ಮೆತ್ತಗಾಗಿತ್ತು. ಕೂಸು ಉಂಡದ್ದು ನಾಲ್ಕು ತುತ್ತು. ಉಳಿದದ್ದು ಒಂದು ತಾಟು ಅನ್ನ. “ಅನ್ನ ಚೆಲ್ಲಬಾರ್ದು. ನೀವ ಉಣ್ರಿ” ಎಂದು ಹೆಂಡತಿ ಅದನ್ನು ನನ್ನ ಮುಂದೆ ಸರಿಸಿ, ಮಿಸಳವನ್ನು ತನ್ನ ಮುಂದೆ ಎಳೆದುಕೊಂಡಳು. ಗಡಿ ದಾಟಿ ಹೋಗಿ ನಾನು ಉಂಡದ್ದು ಸಪ್ಪನ ಬ್ಯಾಳಿ ಅನ್ನ.

ಆಮೇಲೆ ಬಾಸುಂದಿಗೆಂದು ನರಸೋಬಾವಾಡಿಗೆ ಹೋದಾಗಲೂ ಇದೇ ಆಯಿತು. ಒಂದೇ ವ್ಯತ್ಯಾಸ, ಬಾಸುಂದಿಯನ್ನು ಅಕ್ಕವ್ವ ಉಳಿಸಲಿಲ್ಲ.

ಜರ್ಮನಿಯ ಫೋಟೊವನ್ನು ಮೊನ್ನೆ ಇನ್ನೊಮ್ಮೆ ನೋಡಿದೆ. ಕೂಸಿನ ಹಿಂದೆ, ಮೂಲೆಯಲ್ಲಿ, ಅಜ್ಜನೂ ಕಾಣುತ್ತಾರೆ. ಅವರ ಕೈಯಲ್ಲಿರುವುದು ಕೂಸು ಬಿಟ್ಟ ತಾಟು. ಆದ್ದರಿಂದ, ಮೊಮ್ಮಕ್ಕಳನ್ನು ಕರೆದುಕೊಂಡು ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೊರಡಿ, ಇಲ್ಲವೇ ವಿಮಾನ ಹತ್ತಿ ಎಲ್ಲಿಗಾದರೂ ಹೊರಡಿ, ನಿಮಗೆಂದು ಬೇರೆ ತಾಟು ಹೇಳಬೇಡಿ.