ಅಪ್ಪಯ್ಯನಿಗೆ ಬರೆಯದ ಪತ್ರ

1991ರ ಜೂನ್ ತಿಂಗಳಲ್ಲಿ ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಿಂದ ಅಪ್ಪಯ್ಯ ಬರೆದ ಏರೋಗ್ರಾಮ್ ಇಂದಿಗೂ ನನ್ನ ಬಳಿ ಇದೆ. ‘ಮೃಗಶಿರಾ ಮಳೆ ಹಿಡಿದಿದೆ. ಅಡಿಕೆಗೆ ಕೊಟ್ಟೆ ಕಟ್ಟಿಸಿದ್ದಾಯಿತು. ಈ ಮಳೆಗಾಳಿ ಎಲ್ಲಿಂದ ಹೊರಡುತ್ತದೆ? ನೀನು ಓದಿದವನು, ತಿಳಿಸಿ ಬರೆ.’

ಅರಿಜೋನಾದ ಫೀನಿಕ್ಸ್ ನಗರದಲ್ಲಿ ಹೊಸ ಉದ್ಯೋಗ, ಹೊಸ ಮನೆಯ ಗಡಿಬಿಡಿ. ಮುಂದಿನ ಪತ್ರದಲ್ಲಿ ಬರೆಯುವೆನೆಂದು ಉತ್ತರಿಸಿದೆ. ಮರುವರ್ಷದ ಮೃಗಶಿರೆಯನ್ನು ಅಪ್ಪಯ್ಯ ಕಾಣಲಿಲ್ಲ.

ನಿವೃತ್ತನಾದ ಮೇಲೆ ಆ ಉತ್ತರವನ್ನು ಅರಸಿದೆ. ಭೂಮಧ್ಯರೇಖೆಯ ಬಳಿ ಕಾದ ಗಾಳಿ ಮೇಲೇರಿ ಧ್ರುವಗಳತ್ತ ಸಾಗುತ್ತದೆ. ಅದರ ಸ್ಥಾನ ತುಂಬಲು ಕೆಳಗಿನಿಂದ ಬೇರೆ ಗಾಳಿ ಬರುತ್ತದೆ. ಭೂಮಿ ತಿರುಗುವುದರಿಂದ ಅದರ ಹಾದಿ ಓರೆಯಾಗುತ್ತದೆಂದು 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬ ಇಂಗ್ಲಿಷ್ ವಕೀಲ ವಿವರಿಸಿದನು. ನಮ್ಮ ಮುಂಗಾರು ಗಾಳಿ ಹೊರಡುವುದು ದಕ್ಷಿಣ ಹಿಂದೂ ಮಹಾಸಾಗರದಿಂದ. ಬೇಸಗೆಯಲ್ಲಿ ಕಾದ ಏಷ್ಯಾದ ನೆಲ ಅದನ್ನು ಸೆಳೆಯುತ್ತದೆ. ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟಿ, ಬಲಕ್ಕೆ ಬಾಗಿ, ಅರಬ್ಬೀ ಸಮುದ್ರದ ನೀರನ್ನು ಹೊತ್ತು ಅದು ಸಹ್ಯಾದ್ರಿಯನ್ನು ಮುಟ್ಟುತ್ತದೆ.

ಓದುತ್ತ ಹೋದಂತೆ ಬೇರೆ ಗ್ರಹಗಳ ಗಾಳಿಯೂ ನನ್ನನ್ನು ಸೆಳೆಯಿತು. ಶುಕ್ರಗ್ರಹ ಒಮ್ಮೆ ತಿರುಗಲು ನಮ್ಮ 243 ದಿನಗಳು ಬೇಕು. ಅದರ ಮೇಲ್ಮೋಡಗಳಾದರೋ ಸುಮಾರು 4 ದಿನಗಳಲ್ಲಿ ಗ್ರಹವನ್ನು ಸುತ್ತಿ ಬರುತ್ತವೆ. ಹಗಲಿನ ಕಾವು, ಇರುಳಿನ ತಂಪುಗಳಿಂದ ಏಳುವ ಅಲೆಗಳು ಆ ವೇಗವನ್ನು ಉಳಿಸುತ್ತವೆಂದು ಜಪಾನಿನ ಅಕಾತ್ಸುಕಿ ನೌಕೆಯ ಚಿತ್ರಗಳ ಆಧಾರದಿಂದ 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಗುರುಗ್ರಹ 10 ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಅಲ್ಲಿ ಗಾಳಿ ಪಟ್ಟೆಪಟ್ಟೆಯಾಗಿ ಹರಿಯುತ್ತದೆ. ಎಲ್ಲಕ್ಕೂ ಬೆಳಕು ಕೊಡುವ ಸೂರ್ಯ ಒಬ್ಬನೇ ಆದರೂ ಗ್ರಹ ತಿರುಗುವ ಬಗೆಯಂತೆ ಗಾಳಿಯ ನಡೆಯೂ ಬೇರೆಯಾಗುತ್ತದೆ.

ನಮ್ಮ ಭೂಮಿಯಲ್ಲಿ ಮೇಲೇರಿದ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಒಣಗಿ ಇಳಿಯುತ್ತದೆ. ಫೀನಿಕ್ಸ್ ಇರುವುದೂ ಆ ಪಟ್ಟಿಯಲ್ಲಿಯೇ. ಇಲ್ಲಿ ವರ್ಷಕ್ಕೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ ಮಳೆ. ನಮ್ಮೂರಿಗೆ ಹತ್ತಿರದ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕು. ಅಪ್ಪಯ್ಯನವರ ಮಾಡಿನ ಮೇಲೆ ಸುರಿದ ಮಳೆಗೂ ನನ್ನ ಹಿತ್ತಿಲಿನ ಒಣಮಣ್ಣಿಗೂ ಹೀಗೆ ಸಂಬಂಧವುಂಟು. ಇದನ್ನು ಕೇಳಿದ್ದರೆ ಅವರು ಎಲೆಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ ಮತ್ತೊಂದು ಪ್ರಶ್ನೆ ಹಾಕುತ್ತಿದ್ದರು.

ಸಮ್ಮೇಳನಕ್ಕೆ ಬಂದಿರುವ ಬಂಧುಗಳೇ, ಊರಿನಿಂದ ಬಂದ ಯಾವುದಾದರೂ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಬಾಕಿ ಉಳಿದಿದ್ದರೆ, ಕೇಳಿದವರು ಇರುವಾಗಲೇ ತಿಳಿಸಿಬಿಡಿ. ನನ್ನ ಉತ್ತರವನ್ನು ನಾನು ಈ ಸಂಚಿಕೆಗೆ ಬರೆಯಬೇಕಾಗಿ ಬಂದಿತು.