ರುವಾನಿನ ಬಟ್ಟೆಯ ಬಸುರಿ

ಪ್ಯಾರಿಸ್ಸಿನಿಂದ ಹೊರಟ ರೈಲು ಸೇನ್ ನದಿಯನ್ನು ಮತ್ತೆ ಮತ್ತೆ ದಾಟುತ್ತ ರುವಾನ್ ಮುಟ್ಟಿತು. ಊರಿಗೆ ಬಂದವರೆಲ್ಲ ಕ್ಲೋದ್ ಮೊನೆ ಚಿತ್ರಿಸಿದ ಚರ್ಚಿನತ್ತ ನಡೆದರೆ, ಆರು ತಿಂಗಳ ಬಸುರಿ ಮಗಳು ನನ್ನನ್ನು ಎಳೆದೊಯ್ದದ್ದು ಹಳೆಯ ಆಸ್ಪತ್ರೆಯೊಂದಕ್ಕೆ. ಕಾದಂಬರಿಕಾರ ಫ್ಲೋಬೇರ್ 1821ರಲ್ಲಿ ಹುಟ್ಟಿದ್ದು ಅಲ್ಲೇ; ಅಪ್ಪ ಅಲ್ಲಿ ಶಸ್ತ್ರವೈದ್ಯ. ಈಗದು ವೈದ್ಯಚರಿತ್ರೆಯ ಮ್ಯೂಸಿಯಂ. ಫ್ಲೋಬೇರನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋದೆವು.

ಅಲ್ಲಿದ್ದಳು ಅವಳು! ತಲೆಯಿಲ್ಲ, ಎದೆಯಿಲ್ಲ. ಹೊಟ್ಟೆ, ಸೊಂಟ, ಅಗಲಿಸಿದ ತೊಡೆ, ಜೊತೆಗೊಂದು ಬಟ್ಟೆಯ ಕೂಸು. ಮದಾಮ್ ದ್ಯು ಕುದ್ರೇ ಎಂಬ ಸೂಲಗಿತ್ತಿ ರೂಪಿಸಿದ ಹೆರಿಗೆಯ ಬೊಂಬೆ. 1759ರಲ್ಲಿ ದೊರೆ ಹದಿನೈದನೇ ಲೂಯಿ ಅವಳಿಗೆ ಹಳ್ಳಿ ಹೆಂಗಸರಿಗೆ ಹೆರಿಗೆ ಕಲಿಸುವ ಅಪ್ಪಣೆ ಕೊಟ್ಟ; ಎರಡು ದಶಕಕ್ಕೂ ಹೆಚ್ಚು ಕಾಲ ಅವಳು ಫ್ರಾನ್ಸ್ ಸುತ್ತಿದಳು.

ನನ್ನ ಕಣ್ಣು ನೆಟ್ಟದ್ದು ದಾರ, ಪಟ್ಟಿಗಳ ಮೇಲೆ. ಮಗುವಿನ ತಲೆ ಇಳಿಯುವಾಗ ಹೆರಿಗೆಯ ದಾರಿ, ಅದರ ತಳ ಹೇಗೆ ಹಿಗ್ಗುತ್ತದೆಂದು ಅವನ್ನು ಎಳೆದು, ಸಡಿಲಿಸಿ ತೋರಿಸುತ್ತಿದ್ದರಂತೆ. ಸೊಂಟದ ಮುಂದಿನ ಮೂಳೆಯಿಂದ ಬಾಲದ ಮೂಳೆಯವರೆಗೆ ಜೋಲಿಯಂತೆ ಹರಡಿ ಮೂತ್ರಕೋಶ, ಗರ್ಭಕೋಶಗಳನ್ನು ಹೊತ್ತಿರುವ ಸ್ನಾಯುವೇ ಆ ತಳ. ಮಗು ಬೆಳೆದಷ್ಟೂ ಅದರ ಮೇಲೆ ಭಾರ. ಹೆರಿಗೆಯಲ್ಲಿ ಅದರ ಒಳಅಂಚು ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆಂದು ಮಿಶಿಗನ್ ವಿಶ್ವವಿದ್ಯಾಲಯದವರು 2004ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದರು. ಮೂರು ಪಟ್ಟು! ಕಂಪ್ಯೂಟರಿಲ್ಲದ ಕಾಲದಲ್ಲಿ ಈ ಹೆಂಗಸು ಅದನ್ನೇ ದಾರದಲ್ಲಿ ತೋರಿಸಿದ್ದಳು. ನನ್ನ ಬಸಿರು ಬಾಣಂತನದಲ್ಲಿ ತುಪ್ಪ, ಎಣ್ಣೆನೀರು, ಹೊಟ್ಟೆಗೆ ಸುತ್ತಿದ ಸೀರೆ, ಯಾವುದಕ್ಕೂ ಕೊರತೆಯಿರಲಿಲ್ಲ. ಈ ಸ್ನಾಯುವಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ವಾಪಸು ರೈಲಿನಲ್ಲಿ ಮಗಳು ತನ್ನ ಸೂಲಗಿತ್ತಿ ಹೇಳಿಕೊಟ್ಟ ಪಾಠ ಒಪ್ಪಿಸಿದಳು. ಮೂತ್ರವನ್ನೂ ಗಾಳಿಯನ್ನೂ ತಡೆಯುವ ಹಾಗೆ ಆ ಸ್ನಾಯುವನ್ನು ಒಳಗೆ, ಮೇಲಕ್ಕೆ ಸೆಳೆದುಕೊಳ್ಳಬೇಕು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿಯಬಾರದು. ಕೆಲವು ಸೆಕೆಂಡು ಹಿಡಿದು, ಪೂರ್ತಿ ಬಿಡಬೇಕು. ಬಿಡುವುದೂ ಹಿಡಿದಷ್ಟೇ ಮುಖ್ಯ. ಬಸಿರಿನಲ್ಲೇ ಶುರುಮಾಡಿದವರಿಗೆ ಆಮೇಲೆ ಕೆಮ್ಮಿದಾಗ ಮೂತ್ರ ಜಿನುಗುವ ತೊಂದರೆ ಕಡಿಮೆ. ಹೆತ್ತ ಮೇಲೆ ಇದರ ತರಬೇತಿಯ ಖರ್ಚನ್ನು ಫ್ರಾನ್ಸಿನ ಸರ್ಕಾರಿ ವಿಮೆಯೇ ಕೊಡುತ್ತದಂತೆ. ಕೇಳಿ ಹೊಟ್ಟೆಕಿಚ್ಚಾಯಿತು.

"ನೀನೂ ಮಾಡಮ್ಮ."

"ಈ ವಯಸ್ಸಿಗೆ ನನಗ್ಯಾಕೇ?"

"ಸೀನು ಬಂದಾಗಲೆಲ್ಲ ಕಾಲು ಜೋಡಿಸಿ ನಿಂತ್ಕೊಳ್ಳೋದು ಯಾರು?"

ಎದುರು ಸೀಟಿನ ಅಜ್ಜ ಪೇಪರಿನಲ್ಲಿ ಮುಳುಗಿದ್ದ. ತಾಯಿ ಮಗಳು ಸಂಭಾವಿತರ ಹಾಗೆ ಕಿಟಕಿಯಾಚೆ ನೋಡುತ್ತ, ಮಾಂತ್ ನಿಲ್ದಾಣ ಬರುವ ತನಕ ಹಿಡಿದೆವು, ಬಿಟ್ಟೆವು.