ಅಳುವವರಿಗೆ ಶ್ರುತಿಪೆಟ್ಟಿಗೆ ಯಾಕೆ?

ನಮ್ಮ ಮನೆಯಲ್ಲಿ ಆಲ್ಬರ್ಟ್ ಐಲರನಿಗೆ ಒಂದು ಹೊತ್ತು ಗೊತ್ತಾಗಿದೆ. ಹೆಂಡತಿ ದೇವಸ್ಥಾನಕ್ಕೆ ಹೊರಟ ಮೇಲೆ ಕಿಟಕಿ ಮುಚ್ಚಿ, ದನಿ ತಗ್ಗಿಸಿ ಅವನನ್ನು ಕೇಳಬೇಕು. ಆದರೆ ಈ ಅಮೆರಿಕದವನ ಸ್ಯಾಕ್ಸಫೋನನ್ನು ಮೆಲ್ಲಗೆ ಕೇಳುವುದೆಂದರೆ ಚೆಂಡೆಯನ್ನು ಬೆರಳ ತುದಿಯಲ್ಲಿ ಸವರಿದ ಹಾಗೆ. ದನಿ ಏರಿಯೇ ಏರುತ್ತದೆ. ಪಕ್ಕದ ಮನೆಯ ಅಮ್ಮ ಬೇಲಿಯ ಹತ್ತಿರ ಬಂದು, "ಎಂತ ಮಾರಾಯ್ರೆ, ಯಾರಾದ್ರೂ ತೀರಿಕೊಂಡ್ರಾ?" ಎನ್ನುತ್ತಾರೆ.

ಅವರಿಗೆ ಸ್ಯಾಕ್ಸಫೋನ್ ಗೊತ್ತಿಲ್ಲವೆಂದಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದ ಕದ್ರಿ ಗೋಪಾಲನಾಥರು ಅದಕ್ಕೆ ಗಮಕ ಕಲಿಸಿ ಕಛೇರಿಗೆ ಕೂರಿಸಿದರು. ಈಗ ನಮ್ಮ ಕರಾವಳಿಯಲ್ಲಿ ಧಾರೆಯ ಹೊತ್ತಿಗೆ ನುಡಿಯುವುದೂ ಅದೇ. ಇಂಥ ಮಂಗಳವಾದ್ಯ ಹೀಗೆ ಬಾಯಿಬಿಟ್ಟು ಗೋಳಾಡಿದರೆ ಯಾರಿಗಾದರೂ ಗಾಬರಿಯಾಗಬೇಕಾದ್ದೇ.

ಅಮ್ಮನಿಗೆ ಹೇಳಬೇಕಾದ ಉತ್ತರ: ಹೌದು, ಐಲರನಂತೆಯೇ ಸ್ಯಾಕ್ಸಫೋನ್ ಹಿಡಿದಿದ್ದ ಜಾನ್ ಕೋಲ್ಟ್ರೇನ್ ತೀರಿಕೊಂಡ. 1967ರ ಜುಲೈಯಲ್ಲಿ, ಬರೇ 40ನೇ ವಯಸ್ಸಿಗೆ. ನ್ಯೂಯಾರ್ಕಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಅವನನ್ನು ಕಳಿಸಿಕೊಡುವಾಗ ಐಲರ್ ನುಡಿಸಿದ. ಅದರ ಧ್ವನಿಮುದ್ರಿಕೆ ಉಳಿದಿದೆ. ನಡುವೆ ವಾದ್ಯವೂ ಸಾಲದಾಗಿ, ಅದನ್ನು ಬಾಯಿಂದ ತೆಗೆದು ಬರಿಗೊರಳಲ್ಲೇ ಕೂಗಿಬಿಡುತ್ತಾನೆ.

ಅದಕ್ಕೂ ಮೂರು ವರ್ಷ ಹಿಂದೆ, 1964ರ ಜುಲೈ 10ರಂದು ಮುದ್ರಿಸಿಕೊಂಡ 'ಸ್ಪಿರಿಚುಯಲ್ ಯೂನಿಟಿ' ಆಲ್ಬಮ್ ನನಗೆ ಹೆಚ್ಚು ಹತ್ತಿರ. ಇರುವವರು ಮೂರೇ ಜನ, ಅವಧಿ ಅರ್ಧ ಗಂಟೆಯ ಆಸುಪಾಸು. ಅದರಲ್ಲಿನ 'ಘೋಸ್ಟ್ಸ್' ಶುರುವಾಗುವುದು ಮಕ್ಕಳೂ ಗುನುಗಬಹುದಾದ ಧಾಟಿಯಲ್ಲಿ. ಇನ್ನೇನು ನಾವೂ ದನಿಗೂಡಿಸಬೇಕು, ಅಷ್ಟರಲ್ಲಿ ಅವನು ಅದನ್ನು ಹರಿದು ಚಿಂದಿ ಮಾಡುತ್ತಾನೆ. ಕೀರಲು, ಗುಟುರು, ಬಿಕ್ಕು. ಗ್ಯಾರಿ ಪೀಕಾಕನ ಬಾಸ್ ತನ್ನ ಪಾಡಿಗೆ ತಾನು ಅಲೆಯುತ್ತದೆ. ಸನ್ನಿ ಮರ್ರೆಯ ಡ್ರಮ್ಮು ಕೇಳುತ್ತ ತಾಳ ಹಾಕಹೊರಟರೆ, ತೊಡೆಯಿಂದ ಎದ್ದ ಕೈಗೆ ಎಲ್ಲಿ ಬೀಳಬೇಕೆಂದೇ ತಿಳಿಯುವುದಿಲ್ಲ. ಕೊನೆಗೆ ಅದೇ ಪುಟ್ಟ ಧಾಟಿ ಮರಳಿ ಬರುತ್ತದೆ, ಏನೂ ಆಗಿಲ್ಲವೆಂಬಂತೆ. ನನ್ನ ಕಣ್ಣು ಒದ್ದೆಯಾಗುವುದು ಚಿಂದಿಗಲ್ಲ, ಈ ಮರಳುವಿಕೆಗೆ.

"ಇದರಲ್ಲಿ ಶ್ರುತಿಯೇ ಇಲ್ಲವಲ್ಲ" ಎಂದು ಸಂಗೀತ ಬಲ್ಲ ಗೆಳೆಯರ ತಕರಾರು. ಇರಲಿ. ಸಾವಿನ ಮನೆಯಲ್ಲಿ ಎದೆ ಬಡಿದುಕೊಳ್ಳುವವಳನ್ನು ತಡೆದು, "ಅಮ್ಮಾ, ಪಂಚಮ ಸ್ವಲ್ಪ ಇಳಿಯಿತು" ಎಂದವರನ್ನು ನಾನಿನ್ನೂ ಕಂಡಿಲ್ಲ. ಶ್ರುತಿಬದ್ಧವಾದ ಶೋಕವನ್ನು ನಾವು ಮೆಚ್ಚಿ ತಲೆದೂಗುತ್ತೇವೆ. ಐಲರನ ಶೋಕಕ್ಕೆ ತಲೆದೂಗಲು ಆಗುವುದಿಲ್ಲ, ಜೊತೆಗೆ ಅಳಬೇಕು, ಇಲ್ಲವೇ ಎದ್ದು ಹೋಗಬೇಕು.

ಅವನೂ ಬಹಳ ಕಾಲ ಉಳಿಯಲಿಲ್ಲ. 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ ಹೆಣವಾಗಿ ಸಿಕ್ಕಾಗ ವಯಸ್ಸು 34.

ನನ್ನ ವೈಕುಂಠ ಸಮಾರಾಧನೆಯ ದಿನ 'ಘೋಸ್ಟ್ಸ್' ಹಾಕಬೇಕೆಂದು ಮಗನಿಗೆ ಹೇಳಿಟ್ಟಿದ್ದೇನೆ. "ಬಂದವರು ಎದ್ದು ಓಡಿದರೆ ಅಪ್ಪ?" ಎಂದ. ಓಡಲಿ ಬಿಡು, ಉಳಿದವರು ನಿಜಕ್ಕೂ ನನಗಾಗಿ ಬಂದವರು. ಅವರಿಗೆ ಇನ್ನೊಂದು ಹೋಳಿಗೆ ಜಾಸ್ತಿ ಬಡಿಸು ಎಂದೆ.